ಜುಬ್ಬಾ ತೊಟ್ಟ ವೀರರು

ಬೆಳಗಾವಿಯ ಮಹಾಂತೇಶ ನಗರದಲ್ಲಿ, ಎರಡನೇ ಮಹಡಿಯ ಒಂದು ಮನೆಯಲ್ಲಿ, ಲೋಕವನ್ನು ಹಲವು ಸಲ ಕಾಪಾಡಿದ ನಲವತ್ತು ಚಿಲ್ಲರೆ ವೀರರು ಗಾಜಿನ ಕಪಾಟಿನೊಳಗೆ ಉಸಿರು ಬಿಗಿಹಿಡಿದು ನಿಂತಿದ್ದರು. ಕಾರ್ಟೂನಿನವರು, ಕಾಮಿಕ್ಸಿನವರು, ರೆಕ್ಕೆ ಇದ್ದವರು, ಮುಖವಾಡ ಹಾಕಿದವರು, ಕಣ್ಣಿನಿಂದಲೇ ಬೆಂಕಿ ಹೊರಡಿಸುವವರು. ಎಲ್ಲರೂ ಗೇಣುದ್ದದ ಗೊಂಬೆಗಳು. ಮೊಣಕೈ, ಮೊಣಕಾಲು, ಕುತ್ತಿಗೆ ಎಲ್ಲವನ್ನೂ ತಿರುಗಿಸಲು ಬರುತ್ತಿತ್ತಂತೆ. ‘ಅಂತೆ’ ಎನ್ನಬೇಕಾಗಿದೆ, ಏಕೆಂದರೆ ಯಾರೂ ತಿರುಗಿಸಿ ನೋಡಿರಲಿಲ್ಲ. ಪ್ರತಿಯೊಬ್ಬ ವೀರನೂ ತಾನು ಬಂದ ಡಬ್ಬಿಯೊಳಗೇ ಇದ್ದ, ಮುಂದಿನ ಪ್ಲಾಸ್ಟಿಕ್ ಕಿಟಕಿಯಿಂದ ಹೊರಗಿನ ಲೋಕವನ್ನು ನೋಡುತ್ತಿದ್ದ. ಡಬ್ಬಿ ಬಿಚ್ಚಬಾರದು ಎಂಬುದು ಅವರ ಯಜಮಾನ ತಾಲಿಬನ ಕಟ್ಟಪ್ಪಣೆ.

ತಾಲಿಬನಿಗೆ ಮೂವತ್ತೇಳು ವರ್ಷ. ಉದ್ಯಮಬಾಗದ ಒಂದು ಫೌಂಡ್ರಿಯ ಪ್ಯಾಕಿಂಗ್ ವಿಭಾಗಕ್ಕೆ ಅವನೇ ಹಿರಿಯ. ಪಂಪಿನ ಬಿಡಿಭಾಗಗಳನ್ನು ಎಣ್ಣೆ ಕಾಗದದಲ್ಲಿ ಸುತ್ತಿ, ಹುಲ್ಲು ತುಂಬಿ, ಕಟ್ಟಿಗೆಯ ಪೆಟ್ಟಿಗೆಗೆ ಮೊಳೆ ಹೊಡೆದು ಕಳಿಸುವುದು ಅವನ ಕೆಲಸ. ಒಮ್ಮೆ ಕೊಯಮತ್ತೂರಿನ ಗಿರಾಕಿಯೊಬ್ಬ ಫೋನು ಮಾಡಿ, ಮಾಲು ಮುಟ್ಟಿದೆ, ಈಗ ಪೆಟ್ಟಿಗೆ ತೆರೆಯಲು ಒಬ್ಬ ಮನುಷ್ಯನನ್ನೂ ಕಳಿಸಿಕೊಡಿ ಎಂದು ಕೇಳಿದ್ದ. ತಾಲಿಬ ಇದನ್ನು ಹೊಗಳಿಕೆ ಎಂದೇ ತಿಳಿದು ಊರೆಲ್ಲ ಹೇಳಿಕೊಂಡು ತಿರುಗಿದ.

ಈ ಕಟ್ಟುನಿಟ್ಟಿಗೂ ಒಂದು ಕಾರಣವಿತ್ತು. ಚಿಕ್ಕವನಿದ್ದಾಗ ಈದಿಗೆಂದು ಅವನಪ್ಪ ಖಡೇಬಜಾರಿನಿಂದ ಒಬ್ಬ ನೀಲಿ ವೀರನನ್ನು ತಂದುಕೊಟ್ಟಿದ್ದ. ಮಧ್ಯಾಹ್ನದ ಊಟ ಮುಗಿಯುವಷ್ಟರಲ್ಲಿ ಚಿಕ್ಕಪ್ಪನ ಮಕ್ಕಳು ಅದರ ತಲೆ ಕಿತ್ತರು, ಸಂಜೆಯೊಳಗೆ ಆ ತಲೆಯನ್ನೂ ಎಲ್ಲೋ ಕಳೆದರು. ತಲೆಯೇ ಇಲ್ಲದವನು ಲೋಕವನ್ನು ಹೇಗೆ ಕಾಪಾಡಿಯಾನು? ಹುಡುಗ ಬಿಕ್ಕಿ ಬಿಕ್ಕಿ ಅತ್ತ. ಅಳು ನಿಂತಿತು, ಭಯ ಮಾತ್ರ ನಿಲ್ಲಲಿಲ್ಲ. ಮುಂದೆ ಅಪ್ಪ ತೀರಿಕೊಂಡು, ತಾಲಿಬನಿಗೆ ನೌಕರಿ ಸಿಕ್ಕು, ಕೈಯಲ್ಲಿ ಸಂಬಳ ಆಡತೊಡಗಿದ ಮೇಲೆ ಅವನು ಒಬ್ಬೊಬ್ಬರೇ ವೀರರನ್ನು ಕೊರಿಯರಿನಲ್ಲಿ ತರಿಸಿಕೊಂಡ. ಒಬ್ಬನನ್ನೂ ಹೊರಗೆ ಬಿಡಲಿಲ್ಲ.

ತಾಯಿ ಜೈತುನಬೀ ಬ್ಲೌಸು ಹೊಲಿಯುವವಳು. ಮಹಾಂತೇಶ ನಗರದ ಅರ್ಧಕ್ಕರ್ಧ ಹೆಂಗಸರ ಅಳತೆ ಅವಳ ಕಣ್ಣಿನಲ್ಲೇ ಇತ್ತು, ಟೇಪು ಬರೀ ತೋರಿಕೆಗೆ. ಮನೆಯಲ್ಲಿ ತಾಯಿ ಮಗನ ಮಾತೆಲ್ಲ ಉರ್ದುವಿನಲ್ಲಿ. ಜಗಳ ಮಾತ್ರ ಕನ್ನಡದಲ್ಲಿ, ಎದುರು ಮನೆಯ ಗೌರವ್ವನಿಗೂ ಕೇಳಿಸಿ ಅವಳು ನ್ಯಾಯ ಹೇಳಲಿ ಎಂದು.

“ನೋಡ ಗೌರಕ್ಕಾ, ಚಡ್ಡಿ ಮ್ಯಾಲ ಹಾಕ್ಕೊಂಡಾಂವ ಇನ್ನೊಬ್ಬ ಬಂದ! ಪ್ಯಾಂಟಿನ ಒಳಗ ಹಾಕೂ ಅರಿವಿ ಹೊರಗ ಹಾಕ್ಕೋತಾನಂದ್ರ ಇಂವಾ ಯಾವ ಶಾಣ್ಯಾ? ನಮಾಜಿಗೆ ಕುಂತ್ರ ನನ್ನ ಬೆನ್ನಿಗೇ ನಿಂತಿರತಾವ. ಪರದೆ ಎಳದೂ ಎಳದೂ ಕೈ ಸೋತ್ವು.”

“ಇರಲಿ ಬಿಡವಾ,” ಎನ್ನುತ್ತಿದ್ದಳು ಗೌರವ್ವ. “ಕುಡಿಯೂದಿಲ್ಲ, ಇಸ್ಪೀಟ ಆಡೂದಿಲ್ಲ. ಗಂಡಸಿಗೆ ಇದ ಒಂದ ಹುಚ್ಚಂದ್ರ ಪುಣ್ಯಾ.”

ಆದರೆ ಈ ಒಂದು ಹುಚ್ಚೇ ತಾಲಿಬನ ಮದುವೆಗೆ ಅಡ್ಡಗಾಲು ಹಾಕಿತ್ತು. ಹೆಣ್ಣಿನ ಕಡೆಯವರು ಮನೆ ನೋಡಲು ಬಂದಾಗಲೆಲ್ಲ ಅವನು ಅವರನ್ನು ಕಪಾಟಿನ ಮುಂದೆ ನಿಲ್ಲಿಸಿ ಶುರುಮಾಡುತ್ತಿದ್ದ. ವಸ್ತು ಬಂದಹಾಗೆ ಇರಬೇಕು. ಕೈ ತಾಗಿದರೆ ಹೊಳಪು ಹೋಯಿತು, ಗಾಳಿ ಬಡಿದರೆ ಬಣ್ಣ ಹೋಯಿತು, ಹೊರಗೆ ಬಂದರೆ ಕಿಮ್ಮತ್ತೇ ಹೋಯಿತು. ಚಹಾ ಕೆನೆಗಟ್ಟಿ ತಣ್ಣಗಾದರೂ ಭಾಷಣ ಮುಗಿಯುತ್ತಿರಲಿಲ್ಲ. ಗೋಕಾಕದಿಂದ ಬಂದ ಒಬ್ಬ ಮುದುಕ, “ಹಂಗಾದ್ರ ಇವನ್ನ ಏನ್ ಮಾಡತೀಪಾ?” ಎಂದು ಕೇಳಿದ್ದಕ್ಕೆ, “ಏನೂ ಮಾಡೂದಿಲ್ರಿ, ಇಟ್ಟಿರತೀನಿ,” ಎಂದು ಎದೆಯುಬ್ಬಿಸಿ ಹೇಳಿದ್ದ. ಗೋಕಾಕದವರು ಮತ್ತೆ ತಿರುಗಿ ನೋಡಲಿಲ್ಲ. ತನ್ನ ಮಾತು ಅವರಿಗೆ ಸರಿಯಾಗಿ ತಿಳಿಯಲಿಲ್ಲ ಎಂದುಕೊಂಡ ತಾಲಿಬ, ಮುಂದಿನವರಿಗೆ ಅದನ್ನು ಇನ್ನಷ್ಟು ಬಿಡಿಸಿ ಹೇಳಿದ. ಅವರು ಇನ್ನಷ್ಟು ಬೇಗ ಎದ್ದುಹೋದರು.

ಕೊನೆಗೆ ಗೌರವ್ವನೇ ಟೊಂಕ ಕಟ್ಟಿದಳು. ಅವಳ ತವರು ಖಾನಾಪುರ. ಅಲ್ಲಿನ ಹಂಚಿನ ವ್ಯಾಪಾರಿ ಸನಾಉಲ್ಲಾ ಅವಳ ಅಣ್ಣಂದಿರಿಗೆ ಹಳೆಯ ಪರಿಚಯದವನು. ಅವನ ಮಗಳು ತಹಮೀನಾ ಖಾನಾಪುರದ ಉರ್ದು ಶಾಲೆಯೊಂದರಲ್ಲಿ ಕನ್ನಡ ಕಲಿಸುತ್ತಿದ್ದಳು. ಗೌರವ್ವ ಜೈತುನಬೀಯನ್ನು ಬಸ್ಸಿನಲ್ಲಿ ಕರೆದುಕೊಂಡು ಹೋಗಿ ಹುಡುಗಿಯನ್ನು ತೋರಿಸಿಕೊಂಡು ಬಂದಳು. ಜೈತುನಬೀಗೆ ಹುಡುಗಿ ಮನಸ್ಸಿಗೆ ಬಂದಳು. ತಾಲಿಬನಿಗೆ ಫೋನಿನಲ್ಲಿ ಫೋಟೊ ಬಂತು. ತಲೆಗೆ ಸೆರಗು, ನೇರವಾದ ನೋಟ, ನಗಲೋ ಬೇಡವೋ ಎನ್ನುವಂಥ ತುಟಿ. ಆ ಫೋಟೊ ನೋಡಿದ ಮೇಲೆ ಅವನಿಗೆ ಊಟ ರುಚಿಸಲಿಲ್ಲ. ಪ್ಯಾಕಿಂಗಿನಲ್ಲಿ ಮೊದಲ ಸಲ ಒಂದು ಪೆಟ್ಟಿಗೆಗೆ ಮೊಳೆ ಹೊಡೆಯುವುದನ್ನೇ ಮರೆತ. ಇವಳೊಬ್ಬಳು ಒಪ್ಪಲಿ, ಈ ಸಲ ತಪ್ಪಿಹೋಗದಿರಲಿ ಎಂದು ಅವನ ಜೀವ ತಹತಹಿಸುತ್ತಿತ್ತು.

ಸನಾಉಲ್ಲಾ ಭಾನುವಾರ ಮನೆ ನೋಡಲು ಬರುವುದೆಂದಾಯಿತು. ಜೊತೆಗೆ ಇನ್ನೊಂದು ಸುದ್ದಿ ಬಂತು. ಹುಡುಗಿಯೂ ಬರುತ್ತಾಳಂತೆ. ಬಾಳುವವಳು ನಾನು, ಮನೆ ನಾನೇ ನೋಡಬೇಕು ಎಂದಳಂತೆ. ಜೈತುನಬೀ ಹುಬ್ಬೇರಿಸಿದಳು. ತಾಲಿಬನಿಗೆ ಮಾತ್ರ ಕುಣಿಯುವಷ್ಟು ಖುಷಿ. ಭಾಷಣವನ್ನು ಅವಳ ಮುಂದೆಯೇ ಮಾಡಬಹುದಲ್ಲ! ಸ್ಕೂಟರಿನ ಮೇಲೆ ಉದ್ಯಮಬಾಗಕ್ಕೆ ಹೋಗುತ್ತ ಬರುತ್ತ ಅದನ್ನೇ ಬಾಯಿಪಾಠ ಮಾಡಿದ.

ಇತ್ತ ಗೌರವ್ವ ಜೈತುನಬೀಯ ಕಿವಿಯಲ್ಲಿ ಒಂದು ಮಾತು ಹಾಕಿದ್ದಳು. “ಹಂಚಿನ ಸಾವಕಾರ ಭಾಳ ಸಂಭಾವಿತ ಮನಶ್ಯಾ ಅದಾನ. ಆ ಗೊಂಬಿ ಮೈಗೆ ಅಂಟಿದ ಅರಿವಿ, ಆ ಹೆಣ್ಣ ಗೊಂಬಿ ಬರೇ ತೊಡಿ, ಅವನ್ನೆಲ್ಲಾ ಕಂಡ್ರ ಏನ್ ತಿಳಕೋಬೇಕು?”

ಮಗ ಕೆಲಸಕ್ಕೆ ಹೋದಾಗಲೆಲ್ಲ ಜೈತುನಬೀ ಹೊಲಿಗೆ ಯಂತ್ರದ ಮುಂದೆ ಕುಳಿತಳು. ಪ್ಲಾಸ್ಟಿಕ್ ಕಿಟಕಿಯಿಂದ ನೋಡಿದರೆ ಸಾಕು, ಅಳತೆ ತಿಳಿಯುತ್ತಿತ್ತು. ಗಿರಾಕಿಗಳ ಬಟ್ಟೆಯಲ್ಲಿ ಉಳಿದ ತುಂಡುಗಳಿಗೇನು ಬರಗಾಲ? ನಲವತ್ತು ಚಿಲ್ಲರೆ ಜುಬ್ಬಾ, ಪಾಯಿಜಾಮಾ, ಹೆಣ್ಣು ಗೊಂಬೆಗಳಿಗೆ ಸಲವಾರು, ಓಢಣಿ. ಇಷ್ಟು ಸಣ್ಣ ತೋಳಿಗೆ ಗುಂಡಿಯ ಕಾಜು ಹೊಲಿಯುವುದು ಹುಡುಗಾಟವಲ್ಲ. ಮಗನ ಮದುವೆಗೆ ತನ್ನ ಕೈಯಿಂದ ಆಗುವುದು ಇದು ಎಂದುಕೊಂಡು, ಕಣ್ಣು ಉರಿದರೂ ಹೊಲಿದಳು. ಪ್ರೀತಿಯಿಂದಲೇ ಹೊಲಿದಳು, ಅದರಲ್ಲಿ ಸಂಶಯವಿಲ್ಲ.

ಭಾನುವಾರ ಬೆಳಿಗ್ಗೆ ತಾಲಿಬ ಕಟಿಂಗಿಗೆ ಹೋಗಿ, ಅಲ್ಲಿಂದ ಮಾಂಸ, ಬೇಕರಿಯ ಖಾರಿ ಬಿಸ್ಕೀಟು ತೆಗೆದುಕೊಂಡು ತಿರುಗಿ ಬಂದಾಗ ಗೇಟಿನ ಮುಂದೆ ಖಾನಾಪುರದವರ ಗಾಡಿ ನಿಲ್ಲುತ್ತಿತ್ತು. ಸಲಾಮು ಹೇಳಿ ಮುಂದಾಗಿ ಮೆಟ್ಟಿಲು ಹತ್ತಿ ಒಳಗೆ ಕಾಲಿಟ್ಟವನು ಹಾಗೆಯೇ ನಿಂತುಬಿಟ್ಟ.

ಕಪಾಟಿನ ಬಾಗಿಲು ತೆರೆದಿತ್ತು. ಡಬ್ಬಿಗಳಿರಲಿಲ್ಲ. ವೀರರೆಲ್ಲ ಸಾಲಾಗಿ, ಈದ್ಗಾಕ್ಕೆ ಹೊರಟ ಜನರ ಹಾಗೆ, ಜುಬ್ಬಾ ತೊಟ್ಟು ನಿಂತಿದ್ದರು. ಕಣ್ಣಿನಿಂದ ಬೆಂಕಿ ಹೊರಡಿಸುವವನಿಗೆ ತಿಳಿ ಗುಲಾಬಿ ಪಾಯಿಜಾಮಾ. ರೆಕ್ಕೆಯವನ ಜುಬ್ಬಾದ ಬೆನ್ನಿಗೆ ರೆಕ್ಕೆ ಹೊರಬರಲು ಎರಡು ಸೀಳು, ಅದಕ್ಕೂ ಅಂಚು ಹೊಲಿಗೆ.

“ಡಬ್ಬಿ?” ಎಂದ ತಾಲಿಬ.

“ಬಾಲ್ಕನ್ಯಾಗ ಕಟ್ಟಿ ಇಟ್ಟೀನಿ. ರದ್ದಿ, ಭಂಗಾರ ಕೊಳ್ಳೂ ಬಾಳೇಶ ಬಂದ್ರ ಒಯ್ತಾನ. ಒಂದೂ ಹರದಿಲ್ಲಪಾ, ಬ್ಲೇಡಿನ್ಯಾಗ ಸಾವಕಾಶ ಬಿಚ್ಚೀನಿ,” ಎಂದು ಜೈತುನಬೀ ಹೆಮ್ಮೆಯಿಂದ ಪಿಸುಗುಟ್ಟಿದಳು. “ಹೆಂಗ ಕಾಣತಾವ ಹೇಳು?”

ಅಷ್ಟರಲ್ಲಿ ಸನಾಉಲ್ಲಾ ಬಾಗಿಲಿಗೆ ಬಂದಿದ್ದ. ಹಿಂದೆ ತಹಮೀನಾ, ಗೌರವ್ವ. ಮುಂದೆ ಆದದ್ದೆಲ್ಲ ತಾಲಿಬನಿಗೆ ನೀರಿನ ಅಡಿಯಿಂದ ಕೇಳಿಸಿದಂತಿತ್ತು. ಅವನು ಕುರ್ಚಿಯ ತುದಿಯಲ್ಲಿ ಕುಳಿತು ನೆಲ ನೋಡಿದ. ತಲೆಯೊಳಗೆ ಒಂದೇ ಲೆಕ್ಕ ನಡೆದಿತ್ತು. ಒಂದೂ ಹರಿದಿಲ್ಲ ಅಂದಳಲ್ಲ! ಇವರು ಹೋದಕೂಡಲೇ ಜುಬ್ಬಾ ಕಳಚುವುದು, ಒರೆಸುವುದು, ಮತ್ತೆ ಡಬ್ಬಿಗೆ ಹಾಕಿ ತೆಳುವಾಗಿ ಗೋಂದು ಹಚ್ಚುವುದು. ಡಬ್ಬಿ ಇದ್ದರೆ ಎಲ್ಲ ಇದ್ದಂತೆ. ಭಾಷಣ ನೆನಪಿಗೂ ಬರಲಿಲ್ಲ.

ಸನಾಉಲ್ಲಾ ಜೀವನವಿಡೀ ಹಂಚನ್ನು ಬೆರಳಿನಿಂದ ಬಡಿದು ದನಿ ಕೇಳಿ ಪರೀಕ್ಷೆ ಮಾಡಿದ ಮನುಷ್ಯ. ಗೋಡೆ ಬಡಿದ, ಬಾಗಿಲು ಬಡಿದ, ಕೊನೆಗೆ ಮುಖವಾಡದ ವೀರನೊಬ್ಬನ ನೆತ್ತಿಗೂ ಬಡಿದು ನೋಡಿದ. “ಮಾಶಾ ಅಲ್ಲಾ! ಎಂಥಾ ಅದಬಿನ, ಮರ್ಯಾದಿ ಗೊಂಬಿ! ಬೇಟಾ, ಇದು ನಿನ್ನ ವಿಚಾರನೋ ಅಮ್ಮನದೋ?”

ತಾಲಿಬ ತಲೆ ಎತ್ತಲಿಲ್ಲ.

“ಮಾತ ಕಡಿಮಿರೀ ಅಂವಂದು,” ಎಂದಳು ಜೈತುನಬೀ. ಬದುಕಿನಲ್ಲಿ ಇಷ್ಟು ದೊಡ್ಡ ಸುಳ್ಳನ್ನು ಅವಳು ಗಿರಾಕಿಗಳಿಗೆ ಬಟ್ಟೆ ಸಾಲಲಿಲ್ಲ ಎನ್ನುವಾಗ ಬಿಟ್ಟರೆ ಬೇರೆಂದೂ ಹೇಳಿದ್ದಿಲ್ಲ.

ಆ ಇನ್ನೊಂದು ಸುಳ್ಳೂ ಆಗಲೇ ಬಯಲಿಗೆ ಬಿತ್ತು. ಕನ್ನಡಕ ಏರಿಸಿಕೊಂಡು ಕಪಾಟಿಗೆ ಮುಖ ಹಚ್ಚಿದ್ದ ಗೌರವ್ವ ವೀರರ ಸಾಲಿನಲ್ಲೇ ಇದ್ದ ಮೊಸಳೆ ಬಾಲದ ಖಳನೊಬ್ಬನ ಮುಂದೆ ನಿಂತಳು. ಅವನ ಮೈಮೇಲೆ ಹಸಿರು ಗುಳೇದಗುಡ್ಡ ಖಣದ ತುಂಬುತೋಳಿನ ಜುಬ್ಬಾ ಇತ್ತು.

“ಏನ ಜೈತುನಬೀ, ಅರಿವಿ ಸಾಲಲಿಲ್ಲಂತ ನನ್ನ ಜಂಪರಿನ ತೋಳ ಗಿಡ್ಡ ಹೊಲದಿ. ಈ ಮಸಳಿಗೆ ಮಣಿಕಟ್ಟ ತನಕಾ ಸಾಲೇತಲ್ಲ!”

“ಚಹಾ ತರತೀನಿ,” ಎಂದು ಜೈತುನಬೀ ಅಡುಗೆಮನೆಗೆ ಓಡಿದಳು. ಸನಾಉಲ್ಲಾ ಬಿದ್ದು ಬಿದ್ದು ನಕ್ಕ. ತಹಮೀನಾ ನಗಲಿಲ್ಲ. ಅವಳು ಕಪಾಟನ್ನೂ, ನೆಲ ನೋಡುತ್ತಿದ್ದ ತಾಲಿಬನನ್ನೂ ನೋಡುತ್ತಿದ್ದಳು. ಆಮೇಲೆ ತಂದೆಗೆ, “ಅಬ್ಬಾ, ಇವರ ಕೂಡ ಎರಡ ಮಾತ ಆಡೂದೈತಿ,” ಎಂದಳು. ಸನಾಉಲ್ಲಾ ಗೌರವ್ವನ ಮುಖ ನೋಡಿದ. ಗೌರವ್ವ ಹಿರಿಯಳಾಗಿ ಜೊತೆಗೆ ಹೊರಟಳು. ಬಾಲ್ಕನಿಯ ಬಾಗಿಲಲ್ಲಿ ಅವರಿಬ್ಬರಿಗೂ ಬೆನ್ನು ಮಾಡಿ ನಿಂತು ತನ್ನ ಗಿಡ್ಡ ತೋಳನ್ನು ಎಳೆದೆಳೆದು ನೋಡಿಕೊಂಡಳು.

ಬಾಲ್ಕನಿಯಲ್ಲಿ ಡಬ್ಬಿಗಳಿರಲಿಲ್ಲ. ತಾಲಿಬ ಕಟಕಟೆಗೆ ಓಡಿ ಬಗ್ಗಿದ. ಕೆಳಗೆ ನೋಡಿದರೆ ಬಾಳೇಶನ ಕೈಗಾಡಿಯ ಮೇಲೆ, ರದ್ದಿ ಪೇಪರಿನ ಪಕ್ಕ, ಚಪ್ಪಟೆ ಮಾಡಿ ದಾರ ಕಟ್ಟಿದ ಎರಡು ಕಟ್ಟು ಕಂಡವು. ಜೈತುನಬೀ ಚಹಾದ ಗಡಿಬಿಡಿಯಲ್ಲೇ ಅಡುಗೆಮನೆಯಿಂದ ಬಾಲ್ಕನಿಗಿದ್ದ ಇನ್ನೊಂದು ಬಾಗಿಲಿನಿಂದ ಬಂದು ಅವನ್ನು ಕೆಳಗೆ ಇಳಿಬಿಟ್ಟು ಅವನಿಗೆ ಕೊಟ್ಟಾಗಿತ್ತು.

“ಗೋಕಾಕದಾಗ ನಮ್ಮ ಮಾವನ ಮನಿ ಐತಿ,” ಎಂದು ತಹಮೀನಾ ಶುರುಮಾಡಿದಳು. “ನಿಮ್ಮ ಮಾತ ಎಲ್ಲಾ ನಮಗ ಮುಟ್ಟೇತಿ. ವಸ್ತು ಹೊರಗ ಬಂದ್ರ ಕಿಮ್ಮತ್ತ ಹೋಗತೈತಿ ಅಂತೀರಂತ. ನಾ ಲಗ್ನಾದ ಮ್ಯಾಲೂ ಸಾಲಿ ಬಿಡಾಕಿ ಅಲ್ರಿ. ದಿನಾ ಇಲ್ಲಿಂದ ಬಸ್ಸಿನ್ಯಾಗ ಖಾನಾಪುರಕ್ಕ ಹೋಗಿ ಬರಾಕಿ. ಬಿಸಲಾಗ ಬಣ್ಣಾನೂ ಹೋದೀತು. ನನ್ನೂ ಡಬ್ಬ್ಯಾಗ ಇಡತೀರೇನು ಅಂತ ಕೇಳಾಕ ಬಂದೀನಿ. ಇಲ್ಲಿ ನೋಡಿದ್ರ ಡಬ್ಬಿನ ಇಲ್ಲ. ಬಿಚ್ಚಿದ್ದು ನೀವೋ, ಅಮ್ಮಾರೋ?”

“ಅಮ್ಮಾ,” ಎಂದ ತಾಲಿಬ. ಸುಳ್ಳು ಹೇಳಲು ಅವನಿಗೆ ಹೊಳೆಯಲಿಲ್ಲ.

“ನೀವು ಏನಂದ್ರಿ?”

“ಇನ್ನೂ ಏನೂ ಅಂದಿಲ್ರಿ.”

ಆಗ ಕೆಳಗಿನಿಂದ ಬಾಳೇಶ ಕೂಗಿದ. “ತಾಲಿಬಣ್ಣಾ! ಡಬ್ಬಿ ಹೊಸಾವ ಅದಾವಲ್ಲೋ. ಅಮ್ಮಾರು ತಪ್ಪಿ ಕೊಟ್ಟಾರೇನ? ಬೇಕಂದ್ರ ಮ್ಯಾಲ ತರತೀನಿ, ಇಲ್ಲಾಂದ್ರ ಒಯ್ತೀನಿ ನೋಡು!”

ತಾಲಿಬ ಕಟಕಟೆಯನ್ನು ಎರಡೂ ಕೈಯಿಂದ ಹಿಡಿದುಕೊಂಡ. ‘ತಾ’ ಎಂದರೆ ಸಾಕು, ಡಬ್ಬಿಗಳು ಬರುತ್ತಿದ್ದವು. ಇಷ್ಟು ವರ್ಷ ದೂಳು ತಾಗದಂತೆ ಕಾದದ್ದೆಲ್ಲ ಆ ಕೈಗಾಡಿಯ ಮೇಲಿತ್ತು. ತಹಮೀನಾ ಅವನ ಕೈಯನ್ನೇ ನೋಡುತ್ತ ನಿಂತಳು. ಅವನು ಎರಡು ಸಲ ಬಾಯಿ ತೆರೆದು ಮುಚ್ಚಿದ.

“ಒಯ್ಯೋ,” ಎಂದ ಕೊನೆಗೆ. “ಒಯ್ಯೋ ಮಾರಾಯಾ, ಬ್ಯಾಡ ನನಗ.”

ಬಾಳೇಶ ಗಾಡಿ ತಳ್ಳಿದ.

“ಜೀವಕ್ಕ ಭಾಳ ಹತ್ತಿತಲ್ಲ?” ಎಂದಳು ತಹಮೀನಾ ಮೆಲ್ಲಗೆ.

“ಭಾಳ ಹತ್ತಿತ್ರಿ.”

“ಏನೂ ಅನಸಲಿಲ್ಲ ಅಂದಿದ್ರ ನಾ ನಂಬತಿದ್ದಿಲ್ಲ,” ಎಂದು ಹೇಳಿ ಅವಳು ಒಳಗೆ ಹೋಗಿ ತಂದೆಯ ಪಕ್ಕದಲ್ಲಿ ಕುಳಿತು, ಹೂಂ ಎಂದು ತಲೆಯಾಡಿಸಿದಳು. ಇಷ್ಟು ಮಾತು ಕಡಿಮೆಯ ವರನನ್ನು ತಾನು ಖಾನಾಪುರದಿಂದ ಬೆಳಗಾವಿಯ ತನಕ ಕಂಡಿಲ್ಲವೆಂದು ಹೇಳಿ ಸನಾಉಲ್ಲಾ ಜೈತುನಬೀಯ ಕೈಗೆ ಒಪ್ಪಿಗೆಯ ಸಕ್ಕರೆ ಇಟ್ಟ. ತಾಲಿಬ ಬಾಲ್ಕನಿಯಲ್ಲೇ ಉಳಿದಿದ್ದ. ಗಾಡಿ ತಿರುವಿನಲ್ಲಿ ಮರೆಯಾಗುವವರೆಗೂ ನೋಡಿದ, ಕಣ್ಣಿನಿಂದ ನೀರು ದಳದಳ ಸುರಿಯಿತು. ಹಿಂತಿರುಗಿ ನೋಡಿದ ಗೌರವ್ವ ಒಳಗೆ ಹೋಗಿ, ಹುಡುಗನಿಗೆ ಸಂತೋಷ ತಡೆಯಲಾಗುತ್ತಿಲ್ಲ, ಅಳುತ್ತಿದ್ದಾನೆ ಎಂದು ಎಲ್ಲರಿಗೂ ಹೇಳಿದಳು.