ತಂಗಿಯ ಮಗಳಿಗೆ ಬೇಕಾಗಿದ್ದ ಸಹಿ

ಕೊರೊನಾದ ಗಲಾಟೆ ಮುಗಿದು ವಿಮಾನಗಳು ಮೊದಲಿನಂತೆ ಓಡಾಡತೊಡಗಿದ ವರ್ಷ ಅದು. ಮಸ್ಕತ್‌ನಲ್ಲಿ ಅಕೌಂಟೆಂಟ್ ಆಗಿದ್ದ ನನ್ನ ತಂಗಿ ಶಶಿಕಲಾ ಆಫೀಸಿನಲ್ಲಿ ಕುಳಿತಲ್ಲೇ ಕುಸಿದು ತೀರಿಕೊಂಡಳು. ಮೆದುಳಿನಲ್ಲಿ ರಕ್ತಸ್ರಾವವಾಗಿತ್ತಂತೆ. ಅವಳಿಗಿನ್ನೂ ನಲವತ್ತು ತುಂಬಿರಲಿಲ್ಲ. ಅಲ್ಲಿ ಅವಳೊಂದಿಗೆ ಇದ್ದದ್ದು ಒಂಬತ್ತು ವರ್ಷದ ಮಗಳು ಅನ್ವಿ ಮಾತ್ರ. ಗಂಡನಿಂದ ವಿಚ್ಛೇದನವಾಗಿ ವರ್ಷಗಳೇ ಕಳೆದಿದ್ದವು.

ಅನ್ವಿಯನ್ನು ಪಕ್ಕದ ಫ್ಲ್ಯಾಟಿನ ಹಿಲ್ಡಾ ಟೀಚರ್ ತಮ್ಮ ಮನೆಗೆ ಕರೆದುಕೊಂಡು ಹೋಗಿದ್ದರು. ಅವರೂ ನಮ್ಮ ಮಂಗಳೂರಿನವರೇ. ಮಣ್ಣಗುಡ್ಡದ ನಮ್ಮ ಮನೆಗೆ ಫೋನ್ ಮಾಡಿ ಅಲ್ಲಿಯ ವಿಷಯ ತಿಳಿಸುತ್ತಿದ್ದವರೂ ಅವರೇ. ಶಶಿಯ ದೇಹವನ್ನು ಊರಿಗೆ ಕಳುಹಿಸುವ ಓಡಾಟವನ್ನು ಕಂಪನಿಯವರು ವಹಿಸಿಕೊಂಡಿದ್ದರು. ನಾನು ಹೋಗಿ ಅದೇ ವಿಮಾನದಲ್ಲಿ ಅನ್ವಿಯನ್ನೂ ಕರೆತರುವುದೆಂದು ನಿರ್ಧಾರವಾಗಿತ್ತು. "ಮಗು ಬಾರದೆ ಶಶಿಯನ್ನು ಎತ್ತಬೇಡಿ," ಎಂದು ಅಮ್ಮ ಹೇಳಿದ್ದರು. ಅಮ್ಮ ಆಡಿದ್ದು ಅದೊಂದೇ ಮಾತು. ಮತ್ತೆ ಅವರು ಗೋಡೆ ಕಡೆ ಮುಖ ಮಾಡಿ ಮಲಗಿದರು.

ಆ ಹೊತ್ತಿಗೆ ಹಿಲ್ಡಾ ಟೀಚರ್ ಮತ್ತೆ ಫೋನ್ ಮಾಡಿದರು. "ಶೆಟ್ರೇ, ಮಗುವಿನ ವೀಸಾ ಅಮ್ಮನ ವೀಸಾದ ಒಟ್ಟಿಗೆ ಇದ್ದದ್ದು. ಈಗ ಮಗುವನ್ನು ಯಾರ ಕೈಗೆ ಕೊಡುದು ಅಂತ ಇಲ್ಲಿ ಕೇಳ್ತಿದ್ದಾರೆ. ಕಾನೂನು ಪ್ರಕಾರ ಗಾರ್ಡಿಯನ್ ಯಾರೋ ಅವರ ಒಪ್ಪಿಗೆ ಕಾಗದ ಬೇಕಂತೆ," ಎಂದರು.

"ಗಾರ್ಡಿಯನ್ ನಾನೇ ಅಲ್ವಾ ಟೀಚರ್? ಇವತ್ತೇ ಮಾಡಿಸ್ತೇನೆ," ಎಂದೆ. ಅದರಲ್ಲಿ ನನಗೆ ಎಳ್ಳಷ್ಟೂ ಸಂಶಯವಿರಲಿಲ್ಲ. ನಾವು ಬಂಟರು. ತಾಯಿಯ ಕಡೆಯಿಂದ ಕುಟುಂಬ ನಡೆಯುತ್ತಿದ್ದ ಅಳಿಯಸಂತಾನದ ಕಾಲ ಮುಗಿದು ಎಷ್ಟೋ ವರ್ಷಗಳಾದರೂ ನಮ್ಮಲ್ಲಿ ಮಕ್ಕಳಿಗೆ ಸೋದರಮಾವನೆಂದರೆ ಅಪ್ಪನಿಗಿಂತ ಒಂದು ಮೆಟ್ಟಿಲು ಮೇಲೆಯೇ. ಅನ್ವಿಗೆ ಯಾವ ಶಾಲೆ ಎಂಬುದರಿಂದ ಹಿಡಿದು ರಜೆಯಲ್ಲಿ ಊರಿಗೆ ಯಾವಾಗ ಬರುವುದು ಎಂಬುದರವರೆಗೆ ಶಶಿ ಕೇಳುತ್ತಿದ್ದುದು ನನ್ನನ್ನೇ. ಸಾಲದ್ದಕ್ಕೆ ನಾನು ಹೋಟೆಲ್ ನಡೆಸುವವನು. ಹೇಳಿದ ಕೆಲಸ ಹೇಳಿದ ಹೊತ್ತಿಗೆ ಆಗಿ ಅಭ್ಯಾಸ. ದುಃಖದಲ್ಲೂ ಆ ಗತ್ತು ಬಿಟ್ಟಿರಲಿಲ್ಲ.

ಹಂಪನಕಟ್ಟೆಯ ಹಳೇ ಕಟ್ಟಡವೊಂದರಲ್ಲಿ ಗಲ್ಫ್‌ನ ಕೇಸುಗಳನ್ನು ನೋಡುವ ವಕೀಲೆಯೊಬ್ಬರಿದ್ದಾರೆ. ನೇರ ಅವರ ಆಫೀಸಿಗೆ ಹೋಗಿ ಸಂಗತಿ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡು, "ಮಗುವಿನ ತಂದೆ ಇದ್ದಾರಾ?" ಎಂದರು.

"ಇದ್ದಾನೆ ಮೇಡಂ, ಉಳ್ಳಾಲದಲ್ಲಿ. ಇದ್ದೂ ಇಲ್ಲದ ಹಾಗೆ."

"ಇದ್ದಾರಲ್ಲ, ಅಷ್ಟು ಸಾಕು. ಡೈವೋರ್ಸ್ ಆಗುವಾಗ ಕೋರ್ಟು ಮಗುವನ್ನು ತಾಯಿಗೆ ಕೊಟ್ಟದ್ದು. ಈಗ ತಾಯಿ ಇಲ್ಲ. ಹಾಗಾದ್ರೆ ಒಪ್ಪಿಗೆ ಕೊಡ್ಬೇಕಾದವರು ತಂದೆ. ನಿಮ್ಮ ಕುಟುಂಬದಲ್ಲಿ ಮಾವನ ಮಾತು ನಡೀಬಹುದು ಶೆಟ್ರೇ. ಆದ್ರೆ ನಿಮ್ಮ ಒಪ್ಪಿಗೆ ಕಾಗದಕ್ಕೆ ಎಷ್ಟು ಮುದ್ರೆ ಹಾಕಿಸಿ ಕಳಿಸಿದ್ರೂ ಈ ಕೆಲಸಕ್ಕೆ ಅದು ಆಗುದಿಲ್ಲ."

ನನಗೆ ಕೆನ್ನೆಗೆ ಹೊಡೆದ ಹಾಗಾಯಿತು. ಕಷ್ಟದಲ್ಲಿ ಜೊತೆಗಿದ್ದವನು ನಾನು. ತಿರುಗಿಯೂ ನೋಡದವನು ಈಗ ಒಡೆಯನಾದನೇ ಎಂದು ಸಿಟ್ಟು ಬಂತು. ವಕೀಲರ ಮುಂದೆ ಏರುದನಿಯಲ್ಲಿ ಏನೇನೋ ಹೇಳಿದೆ. ಅವರು ಬೇಸರ ಮಾಡಿಕೊಳ್ಳಲಿಲ್ಲ. ಇಂಥ ಸಿಟ್ಟುಗಳನ್ನು ಬಹಳ ನೋಡಿದವರಿರಬೇಕು. ಕೊನೆಗೆ ನನ್ನ ಒತ್ತಾಯಕ್ಕೆ ಎರಡು ಕಾಗದ ಟೈಪ್ ಮಾಡಿಸಿದರು. ಮೊದಲನೆಯದು ಮಗುವನ್ನು ಊರಿಗೆ ಕರೆತರಲು ತಂದೆಯ ಒಪ್ಪಿಗೆ. ಎರಡನೆಯದು ಮಗು ಮುಂದೆಯೂ ನಮ್ಮ ಮನೆಯಲ್ಲೇ ಬೆಳೆಯಲು ಒಪ್ಪಿಗೆ. "ಎರಡನೆಯದನ್ನು ಈಗ ಕೇಳ್ಬೇಡಿ," ಎಂದೂ ಎಚ್ಚರಿಸಿದರು.

ಅನ್ವಿಯ ಅಪ್ಪ ಜಯಂತ ಉಳ್ಳಾಲದ ಐಸ್ ಫ್ಯಾಕ್ಟರಿಯೊಂದರಲ್ಲಿ ಮೇಲ್ವಿಚಾರಕ. ನನ್ನನ್ನು ಕಂಡು ಹೊರಗೆ ಬಂದ. ಕೂದಲು ನೆರೆತಿತ್ತು. "ಬನ್ನಿ ಭಾವ," ಎಂದ. ನನ್ನನ್ನು ಹಾಗೆ ಕರೆಯಲು ಅವನಿಗೆ ಇನ್ನೂ ಬಾಯಿ ಬಂತಲ್ಲ ಎಂದುಕೊಂಡೆ. ಶಶಿ ಹೋದ ಸುದ್ದಿ ಅವನಿಗೆ ಯಾರದೋ ಮೊಬೈಲಿನಿಂದ ತಿಳಿದಿತ್ತು. ನಾನು ಬಂದ ಕಾರಣ ಹೇಳುವ ಮೊದಲೇ, "ಮಗು ಯಾರೊಟ್ಟಿಗೆ ಉಂಟು?" ಎಂದು ಕೇಳಿದ.

ನಾನು ಎರಡೂ ಕಾಗದ ಅವನ ಕೈಗೆ ಕೊಟ್ಟೆ. ವಕೀಲರ ಮಾತು ನೆನಪಿತ್ತು, ಆದರೆ ಕೇಳುವ ವ್ಯವಧಾನ ನನಗಿರಲಿಲ್ಲ. ಜಯಂತ ಮೊದಲನೆಯದನ್ನು ಬೇಗ ಓದಿದ. ಎರಡನೆಯದನ್ನು ಓದಲು ಬಹಳ ಹೊತ್ತು ತೆಗೆದುಕೊಂಡ. ಮತ್ತೆ ಅದನ್ನು ಮಡಚಿ ನನಗೇ ಹಿಂದೆ ಕೊಟ್ಟ.

"ಇದಕ್ಕೆ ನಾನು ಸಹಿ ಹಾಕುದಿಲ್ಲ ಭಾವ."

"ಅಂದ್ರೆ ಮೊದಲಿನದಕ್ಕೂ ಇಲ್ಲ ಅಂತ ಅರ್ಥವಾ?"

"ಅದು ಹೇಗೆ ಅರ್ಥ ಆಗ್ತದೆ? ಅದಕ್ಕೆ ಈಗಲೇ ಬರ್ತೇನೆ. ಶಶಿಯನ್ನು ಅಲ್ಲಿ ಕಾಯಿಸುದು ಬೇಡ." ಒಳಗೆ ಹೋಗಿ ಅಂಗಿ ಬದಲಿಸಿ ಬಂದು ಕಾರಿನಲ್ಲಿ ಕುಳಿತ. ಕಾರು ನೇತ್ರಾವತಿ ಸೇತುವೆ ದಾಟಿತು. ಇವನ ಮನಸ್ಸಿನಲ್ಲಿ ಎಂತ ಉಂಟು ಎಂದು ನಾನು ಲೆಕ್ಕ ಹಾಕುತ್ತಿದ್ದೆ. ಮಗು ಊರಿಗೆ ಬಂದ ಮೇಲೆ ತನ್ನ ಮನೆಗೆ ಕರೆದುಕೊಂಡು ಹೋದರೆ ನಾನು ಯಾರನ್ನು ಕೇಳಲಿ? ಶಶಿ ಹೋದದ್ದಾಯಿತು, ಅವಳ ಮಗಳೂ ಕೈಬಿಟ್ಟು ಹೋದರೆ ಅಮ್ಮನಿಗೆ ಏನು ಹೇಳಲಿ?

ಹಂಪನಕಟ್ಟೆಗೆ ತಲುಪಿದೆವು. ವಕೀಲರು ಅವನ ಗುರುತಿನ ಚೀಟಿಗಳನ್ನು ನೋಡಿ, "ಜಯಂತ್ ಅವರೇ, ನಿಮಗೊಂದು ಮಾತು ಹೇಳ್ಬೇಕು. ನೀವೇ ಹೋಗಿ ಕರ್ಕೊಂಡು ಬರುದಾದ್ರೆ ಈ ಕಾಗದವೇ ಬೇಡ. ನಿಮ್ಮಲ್ಲಿ ಪಾಸ್‌ಪೋರ್ಟ್ ಉಂಟಾ?" ಎಂದು ಕೇಳಿದರು.

"ಉಂಟು," ಎಂದ ಜಯಂತ.

ಅವನು ಹೊರಟರೆ ತಡೆಯಲು ನನ್ನ ಬಳಿ ಏನೂ ಇರಲಿಲ್ಲ.

ಜಯಂತ ಮೇಜಿನ ಮೇಲಿದ್ದ ಕಾಗದವನ್ನು ತನ್ನ ಕಡೆಗೆ ಎಳೆದುಕೊಂಡ. ಆಮೇಲೆ ಹೇಳಿದ, "ಅವಳು ನನ್ನನ್ನು ನೋಡಿದ್ದು ಮೂರು ವರ್ಷ ಇರುವಾಗ ಮೇಡಂ. ಅವಳಿಗೆ ನನ್ನ ಗುರ್ತ ಸಿಕ್ಕುದಿಲ್ಲ. ತಾಯಿಯನ್ನು ಕಳ್ಕೊಂಡು ಕೂತಿದ್ದಾಳೆ ಪಾಪ, ಗುರ್ತ ಇಲ್ಲದವನ ಕೈ ಹಿಡ್ಕೊಂಡು ವಿಮಾನ ಹತ್ತುದು ಹೇಗೆ? ಹೆದರ್ತಾಳೆ. ಭಾವನ ಹೆಸರೇ ಬರೀರಿ. ಅವಳಿಗೆ ಮಾಮ ಅಂದ್ರೆ ಗೊತ್ತುಂಟು."

ನೋಟರಿಯವರ ಎದುರು ನಿಧಾನವಾಗಿ ಸಹಿ ಹಾಕಿದ. ನಾನು ಕಿಟಕಿಯ ಹೊರಗೆ ಸಿಟಿ ಬಸ್ಸುಗಳನ್ನು ನೋಡುತ್ತಿದ್ದೆ. ಅವನ ಮುಖ ನೋಡುವ ಧೈರ್ಯ ನನಗಾಗಲಿಲ್ಲ. ಎರಡನೆಯ ಕಾಗದವನ್ನು ಅಲ್ಲಿಯೇ ವಕೀಲರ ಕಸದ ಬುಟ್ಟಿಗೆ ಹಾಕಿ ಬಂದೆ.

ಉಳಿದ ಮುದ್ರೆಗಳೂ ಬಿದ್ದವು. ನಾನು ಮಸ್ಕತ್‌ಗೆ ಹೋಗಿ ಅನ್ವಿಯನ್ನು ಕರೆದುಕೊಂಡು ಹೊರಟೆ. ಅದೇ ವಿಮಾನದಲ್ಲಿ ಅವಳ ತಾಯಿಯೂ ಇದ್ದಳು. ಆ ವಿಷಯ ಅನ್ವಿಗೆ ತಿಳಿದಿತ್ತು. ದಾರಿಯುದ್ದಕ್ಕೂ ಅವಳು ನನ್ನ ತೋಳು ಬಿಡಲಿಲ್ಲ, ಅಳಲೂ ಇಲ್ಲ.

ಬಜಪೆಯ ವಿಮಾನ ನಿಲ್ದಾಣದಲ್ಲಿ ಶವಪೆಟ್ಟಿಗೆಯನ್ನು ಬಿಟ್ಟುಕೊಡುವ ಕಡೆ ನಮ್ಮ ಮನೆಯವರ ಗುಂಪಿನಿಂದ ದೂರದಲ್ಲಿ ಜಯಂತ ಒಬ್ಬನೇ ನಿಂತಿದ್ದ. ಪೆಟ್ಟಿಗೆಯನ್ನು ಆಂಬುಲೆನ್ಸಿಗೆ ಏರಿಸುವಾಗ ಬಂದು ಒಂದು ಬದಿ ಹಿಡಿದ. ಯಾರೂ ಬೇಡ ಎನ್ನಲಿಲ್ಲ, ಬಾ ಎಂದೂ ಅನ್ನಲಿಲ್ಲ. ಮಣ್ಣಗುಡ್ಡದ ಮನೆಗೆ ತಲುಪಿದ ಮೇಲೂ ಅವನು ಗೇಟಿನ ಹೊರಗೇ ನಿಂತ. ಒಳಗೆ ಬರಲಿಲ್ಲ.

ಚಾವಡಿಯಲ್ಲಿ ಶಶಿಯನ್ನು ಮಲಗಿಸಿದ್ದೆವು. ಜನ ಸಾಲಾಗಿ ಬಂದು ನೋಡಿ ಹೋಗುತ್ತಿದ್ದರು. ಅನ್ವಿ ನನ್ನ ಪಕ್ಕ ನಿಂತು, "ಮಾಮ, ಅಲ್ಲಿ ಗೇಟ್ ಹತ್ರ ಇರುವವರು ಯಾರು? ಅಮ್ಮನನ್ನು ಎತ್ತಿದ್ದು ಅವರೇ ಅಲ್ವಾ?" ಎಂದು ಕೇಳಿದಳು.

ಒಂದು ಕ್ಷಣ, ಯಾರೋ ಪರಿಚಯದವರು ಎಂದು ಹೇಳಿಬಿಡೋಣ ಎನ್ನಿಸಿತು. ಎಲ್ಲರೂ ಕೇಳಿಸಿಕೊಳ್ಳುತ್ತಿದ್ದರು. "ನಿನ್ನ ಅಪ್ಪ," ಎಂದೆ. "ಅವರು ಒಪ್ಪಿದ್ದಕ್ಕೆ ನೀನು ಇಲ್ಲಿಗೆ ಬಂದದ್ದು ಮಗಾ."

ಅವಳು ಬಹಳ ಹೊತ್ತು ಆ ಕಡೆಯೇ ನೋಡಿದಳು. "ಹಾಗಾದ್ರೆ ಅವರಿಗೆ ಅಮ್ಮನನ್ನು ನೋಡ್ಲಿಕ್ಕೆ ಇಲ್ವಾ?" ಎಂದಳು.

ನನಗೆ ದುಃಖ ಉಕ್ಕಿ ಬಂತು. ತಂಗಿ ಸತ್ತ ಸುದ್ದಿ ಕೇಳಿದಾಗಲೂ ನಾನು ಹಾಗೆ ಅತ್ತಿರಲಿಲ್ಲ. ಅನ್ವಿಯ ಕೈ ಹಿಡಿದುಕೊಂಡು ಅಂಗಳ ದಾಟಿ ಗೇಟಿಗೆ ಹೋದೆ. "ಬನ್ನಿ ಭಾವ, ಒಳಗೆ ಬನ್ನಿ," ಎಂದು ಕರೆದೆ.

ಅನ್ವಿ ಈಗ ನಮ್ಮ ಮನೆಯಲ್ಲಿದ್ದಾಳೆ. ಭಾನುವಾರ ಉಳ್ಳಾಲಕ್ಕೆ ಹೋಗುತ್ತಾಳೆ. ಅದಕ್ಕೆ ಯಾವ ಕಾಗದವನ್ನೂ ಯಾರೂ ಬರೆಸಲಿಲ್ಲ. ಮಗು ಯಾರಿಗೆ ಸೇರಬೇಕು ಎಂದು ಅಂದು ನಾನು ಊರೆಲ್ಲ ಸುತ್ತಿದೆ. ಮಗು ಹೆದರುತ್ತದೆ ಎಂಬ ಯೋಚನೆ ಮಾತ್ರ ನನ್ನ ತಲೆಗೆ ಬಂದಿರಲಿಲ್ಲ. ಆರು ವರ್ಷ ಮಗಳ ಮುಖ ನೋಡದವನಿಗೆ ಅದು ಬಂತು.