ಕೆಂಪು ತ್ರಿಕೋನದ ಕೋಣೆ

ಓದಲು ಬಾರದವರಿಗೂ ಅರ್ಥವಾಗುವಂತೆ ಬೋರ್ಡು, ಚೀಟಿ, ಗೋಡೆಚಿತ್ರ ಬರೆಯುವುದೇ ನನ್ನ ಜೀವಮಾನದ ಕೆಲಸವಾಯಿತು. ಬಸ್ ನಿಲ್ದಾಣಕ್ಕೆ ಬರೆದೆ, ಆಸ್ಪತ್ರೆಯ ಮಾತ್ರೆ ಪೊಟ್ಟಣಕ್ಕೆ ಬರೆದೆ, ಕಂಪ್ಲಿ ಕಡೆ ಕಾಲುವೆ ನೀರಿನ ಗದ್ದೆಗಳಿಗೆ ಔಷಧ ಹೊಡೆಯುವವರಿಗಾಗಿ ಡಬ್ಬಿಯ ಮೇಲೂ ಬರೆದೆ. ಬರೆಯುವ ಮುಂಚೆ, ಅದನ್ನು ನೋಡುವವರ ಹತ್ತಿರ ಕೂತು ಕೇಳುವುದು ನನ್ನ ಪದ್ಧತಿ. ಈಗ ಇದಕ್ಕೆ ಉದ್ದನೆಯ ಇಂಗ್ಲಿಷ್ ಹೆಸರು ಬಂದಿದೆಯಂತೆ, ಕಾಲೇಜಿನಲ್ಲಿ ಕಲಿಸುತ್ತಾರಂತೆ. ಕಲಿಸಲಿ ಪಾಪ. ನನಗೆ ಕಲಿಸಿದವರು ಸಂಡೂರಿನ ಗುಡ್ಡದಲ್ಲಿ ಅದಿರು ಆರಿಸುತ್ತಿದ್ದ ಹೆಂಗಸರು, ಅದೂ ಮುಖಕ್ಕೆ ಹೊಡೆದ ಹಾಗೆ.

ಎಪ್ಪತ್ತರ ದಶಕದ ಮಾತು. ಡ್ರಾಯಿಂಗ್ ಪರೀಕ್ಷೆ ಪಾಸಾಗಿದ್ದ ನಾನು ಒಂದು ಗಣಿಯ ಆಫೀಸಿನಲ್ಲಿ ಟ್ರೇಸರ್ ಆಗಿದ್ದೆ. ಅಂದರೆ ಎಂಜಿನಿಯರು ಬರೆದ ನಕ್ಷೆಯ ಮೇಲೆ ತೆಳು ಕಾಗದ ಇಟ್ಟು ಶಾಯಿಯಲ್ಲಿ ತಿದ್ದುವವಳು. ಮದುವೆಯಾಗಿ ಎರಡು ವರ್ಷವಾಗಿತ್ತು. ದಿನಾ ಬೆಳಿಗ್ಗೆ ಚಿತ್ತವಾಡ್ಗಿಯಿಂದ ಗಣಿಯ ಬಸ್ಸು ಹತ್ತುತ್ತಿದ್ದೆ. ನನ್ನ ಗೆರೆ ಅಲುಗುವುದಿಲ್ಲ ಎಂಬ ಜಂಬ ಬಹಳ ಇತ್ತು. ಈಗಲೂ ಸ್ವಲ್ಪ ಇದೆ.

ಆ ವರ್ಷ ಸುರಕ್ಷತೆ ನೋಡಿಕೊಳ್ಳಲು ಉತ್ತರದ ಕಡೆಯ ಒಬ್ಬ ಸಾಹೇಬರು ಬಂದರು. ಒಳ್ಳೆಯ ಮನುಷ್ಯ, ಆದರೆ ಪುಸ್ತಕದಲ್ಲಿದ್ದದ್ದೇ ವೇದವಾಕ್ಯ. ಮಧ್ಯಾಹ್ನ ಬ್ಲಾಸ್ಟಿಂಗ್ ಮಾಡಿದಾಗ ಕಲ್ಲುಗಳು ಸಿಡಿದು ಬೀಳುತ್ತವೆ, ಹೆಂಗಸರು ಸಿಕ್ಕ ಸಿಕ್ಕ ಕಡೆ ಓಡುತ್ತಾರೆ ಎಂದು ಅವರಿಗೆ ಸಂಕಟ. ದಪ್ಪ ಗೋಡೆಯ ಒಂದು ಕೋಣೆ ಕಟ್ಟಿಸಿದರು. ಸೈರನ್ ಆದ ಕೂಡಲೇ ಎಲ್ಲರೂ ಅದರೊಳಗೆ ಹೋಗಬೇಕು. ಸುಣ್ಣ ಬಳಿಸಿ, ಬೆಂಚು ಹಾಕಿಸಿ, ಗಾಯಕ್ಕೆ ಕಟ್ಟುವ ಬಟ್ಟೆ, ಟಿಂಚರಿನ ಬಿಳಿ ಡಬ್ಬಿ ಇಡಿಸಿ, ಕಾಂಪೌಂಡರನ್ನೂ ಕೂರಿಸಿದರು. ಆಮೇಲೆ ವಿದೇಶದ ಪುಸ್ತಕವೊಂದನ್ನು ನನ್ನ ಮುಂದೆ ಬಿಚ್ಚಿಟ್ಟು, ಗೋಡೆಯ ಮೇಲೆ ದೊಡ್ಡ ಕೆಂಪು ತ್ರಿಕೋನ ಬರೆಯಲು ಹೇಳಿದರು. ಕನ್ನಡದವರು, ತೆಲುಗಿನವರು, ಲಂಬಾಣಿಗರು, ಉರ್ದು ಮಾತಾಡುವ ಲಾರಿ ಡ್ರೈವರುಗಳು ಎಲ್ಲರಿಗೂ ಒಂದೇ ಗುರುತು, ಅಕ್ಷರದ ಹಂಗೇ ಬೇಡ ಎಂದು ಅವರ ವಿಚಾರ. ಎರಡು ದಿನ ಏಣಿ ಹತ್ತಿ ಬರೆದೆ. ಅಂಚು ಚಾಕುವಿನಲ್ಲಿ ಕೊಯ್ದ ಹಾಗೆ ಬಂದಿತ್ತು.

ಮರುದಿನ ಸೈರನ್ ಆಯಿತು. ಒಂದು ನರಪಿಳ್ಳೆಯೂ ಒಳಗೆ ಹೋಗಲಿಲ್ಲ. ಡ್ರೈವರುಗಳು ಲಾರಿಯ ಅಡಿಗೆ ತೂರಿಕೊಂಡರು. ಹೆಂಗಸರು ಕೋಣೆಯನ್ನು ಕಂಡದ್ದೇ ಸೆರಗು ಬಿಗಿದು ಇನ್ನೊಂದು ದಿಕ್ಕಿಗೆ ಓಡಿದರು. ಅವತ್ತು ತೆಂಗಿನಕಾಯಿ ಗಾತ್ರದ ಕಲ್ಲೊಂದು ಹಾರಿ ಬಂದು ಚೋರನೂರಿನ ಒಬ್ಬ ಹೆಂಗಸಿನ ಪಕ್ಕದಲ್ಲೇ ಬಿತ್ತು. ಅವಳ ಬುಟ್ಟಿ ಚಪ್ಪಟೆಯಾಯಿತು. ಅವಳು ಆರು ತಿಂಗಳ ಬಸುರಿ.

ಸಾಹೇಬರ ಸಿಟ್ಟು ನೆತ್ತಿಗೇರಿತು. ಬರುವ ಸೋಮವಾರದಿಂದ ಕೋಣೆಯೊಳಗೆ ಹೋಗದವರಿಗೆ ಕೆಲಸವಿಲ್ಲ ಎಂದು ಹೇಳಿಸಿದರು. ನನಗೆ ಅವರಿಗಿಂತ ಹೆಚ್ಚು ಸಿಟ್ಟು. ಊಟದ ಹೊತ್ತಿಗೆ ನೇರ ಹೆಂಗಸರ ಗುಂಪಿಗೆ ಹೋದೆ.

“ಏನ್ರವ್ವಾ, ಅಷ್ಟು ದೊಡ್ಡದಾಗಿ ಬರದೀನಿ, ಕಣ್ಣಿಗೆ ಕಾಣಸಲ್ಲೇನು ನಿಮಗ? ಸಾಯಾಕ ಅಷ್ಟು ಅವಸರ ಐತೇನು?”

ಒಬ್ಬರ ಮುಖ ಒಬ್ಬರು ನೋಡಿ ಕಿಸಕ್ಕನೆ ನಕ್ಕರು. ಎಲ್ಲರೂ ಅತ್ತಿ ಎಂದು ಕರೆಯುತ್ತಿದ್ದ ಹಿರಿಯಳು ರೊಟ್ಟಿ ಮುರಿಯುತ್ತಲೇ, “ಕಾಣಸ್ತತಿ, ಅದಕ್ಕ ಹೋಗಲ್ಲ,” ಎಂದಳು. “ಕೆಂಪು ಮುಕ್ಕೋಣ ಬರದು, ಬೆಂಚ್ ಹಾಕಿ, ಕಾಂಪೌಂಡರನ್ನ ಕುಂದ್ರಿಸಿ, ಒಳಗ ಬರ್ರಿ ಅಂದ್ರ ಯಾರು ಬರ್ತಾರವ್ವ? ಆಪರೇಶನ್ ಮಾಡಿಸ್ಕೊಳ್ಳಾಕ?”

ಅಯ್ಯೋ ನನ್ನ ಬುದ್ಧಿಗಿಷ್ಟು! ಆಗ ಕುಟುಂಬ ಯೋಜನೆಯ ಕೆಂಪು ತ್ರಿಕೋನ ಇಲ್ಲದ ಗೋಡೆಯಿರಲಿಲ್ಲ. ನಾನು ಕೂತು ಬರುವ ಬಸ್ಸಿನ ಬೆನ್ನ ಮೇಲೂ ಇತ್ತು. ಮಕ್ಕಳಾಗದಂತೆ ಹಿಡಿದು ಆಪರೇಶನ್ ಮಾಡಿಬಿಡುತ್ತಾರೆ ಎಂದು ಊರೂರಲ್ಲಿ ಜನ ಹೆದರಿದ್ದ ಕಾಲ.

“ಅದು ತಲಿಕೆಳಗ ಇರ್ತತಿ ಅತ್ತಿ, ಇದು ನೆಟ್ಟಗೈತಿ,” ಎಂದೆ, ಸೋಲೊಪ್ಪದೆ.

“ನೆಟ್ಟಗಿದ್ರ ಏನ್ ಮಾಡ್ತಾರ, ಅವಳಿ ಜವಳಿ ಕೊಡ್ತಾರೇನು?”

ಆ ನಗು ಗುಡ್ಡದ ತುದಿಗೆ ಕೇಳಿರಬೇಕು. ಚೋರನೂರಿನವಳು ಮಾತ್ರ ನಗಲಿಲ್ಲ.

“ಮದುವಿ ಆಗಿ ಒಂಬತ್ತು ವರ್ಷಕ್ಕ ಬಸಿರು ನಿಂತೈತಿ ಬೋರ್ಡಕ್ಕ,” ಎಂದಳು. ಅವರು ನನಗೆ ಇಟ್ಟ ಹೆಸರು ಅದು. “ಕಲ್ಲು ಬಿದ್ರ ದೇವರು ಕಾಯ್ತಾನ. ಆ ಕ್ವಾಣ್ಯಾಗ ಹೋದ್ರ ಯಾರು ಕಾಯ್ತಾರ? ಕೆಲಸ ಬೇಕಾದ್ರ ಬಿಡ್ತೀನಿ, ಒಳಗ ಹೋಗಲ್ಲ.”

ನನಗೆ ಬಹಳ ನಾಚಿಕೆಯಾಯಿತು. ಸತ್ತರೂ ಸರಿ ಒಳಗೆ ಹೋಗುವುದಿಲ್ಲ ಎನ್ನುವಷ್ಟು ಹೆದರಿಸುವ ಚಿತ್ರವನ್ನು ನಾನು ಜಂಬದಿಂದ ಬರೆದಿದ್ದೆ. ಸಾಹೇಬರಿಗೆ ಹೇಳಿದೆ. ಅವರು ಪುಸ್ತಕ ನೋಡಿದರು, ನನ್ನನ್ನು ನೋಡಿದರು, ಪುಸ್ತಕ ಮುಚ್ಚಿಟ್ಟರು. “ಸೋಮವಾರ ತನಕ ಟೈಮ್ ಇದೆ. ನೀವೇ ಮಾಡಿ,” ಎಂದರು ತಮಗೆ ಬರುವ ಕನ್ನಡದಲ್ಲಿ.

ರದ್ದಾದ ನಕ್ಷೆಗಳ ಹಿಂಬದಿಯಲ್ಲಿ ಚಿತ್ರ ಬರೆದು ದಿನಾ ಊಟದ ಹೊತ್ತಿಗೆ ಒಯ್ಯತೊಡಗಿದೆ. ಏನೆಂದು ನಾನು ಹೇಳುತ್ತಿರಲಿಲ್ಲ, ಅವರೇ ಹೇಳಬೇಕು. ಗುಡಿಸಲು ಬರೆದೆ. “ಇದು ಓಟಿನ ಗುರುತು,” ಎಂದರು. ಛತ್ರಿ ಬರೆದೆ. “ಮಳಿ ಬಂದಾಗ ಹೋಗಬೇಕೇನು?” ಎಂದರು. ತಾಯಿಕೋಳಿಯ ರೆಕ್ಕೆಯಡಿ ಮರಿಗಳನ್ನು ಬರೆದೆ. ಇದಕ್ಕೆ ಯಾರು ಏನನ್ನುತ್ತಾರೆ ನೋಡೋಣ ಎಂದು ಒಳಗೊಳಗೇ ಬೀಗುತ್ತಿದ್ದೆ. ಒಬ್ಬ ಲಂಬಾಣಿ ಹೆಂಗಸು ಕಾಗದವನ್ನು ಬಹಳ ಹೊತ್ತು ನೋಡಿದಳು.

“ಎರಡ ಮರಿ ಅದಾವಲ್ಲ. ಎರಡ ಸಾಕು ಅಂತೇನು?”

ಬೇಗ ಮುಗಿಯಲಿ ಎಂದು ಎರಡೇ ಬರೆದಿದ್ದೆ! ತಲೆ ಚಚ್ಚಿಕೊಂಡೆ. ಆಮೇಲೆ ನಗು ತಡೆಯಲಾಗದೆ ಅವರ ಜೊತೆ ನಾನೂ ಬಿದ್ದು ಬಿದ್ದು ನಕ್ಕೆ. ಆ ವಾರದಷ್ಟು ಸುಖವಾಗಿ ನಾನು ಯಾವ ಕೆಲಸವನ್ನೂ ಮಾಡಿಲ್ಲ.

“ಹೋಗ್ಲಿ, ಗೊತ್ತಿಲ್ಲದ ಊರಾಗ ಯಾವ ಮನಿ ನೋಡಿದ್ರ ಹೆದರಿಕಿ ಇಲ್ದ ಹೋಗ್ತೀರಿ, ಅದನ್ನಾರ ಹೇಳ್ರಿ,” ಎಂದೆ.

“ನೀರಿಟ್ಟ ಮನಿಗೆ,” ಎಂದಳು ಅತ್ತಿ, ಯೋಚನೆಯನ್ನೇ ಮಾಡದೆ. “ಹೊರಗ ಗಡಿಗಿ ಇಟ್ಟಾರಂದ್ರ ಬರ್ರಿ, ಕುಂದ್ರಿ ಅಂದಂಗ. ಗಡಿಗಿ ಬರಿ. ಬರೇ ಚಿತ್ರ ಬ್ಯಾಡ ಮತ್ತ, ನೀರೂ ಇರಬೇಕು. ಇಲ್ಲಂದ್ರ ಸುಳ್ಳು ಹೇಳಿದಂಗ ಆಗತತಿ.”

ಲಂಬಾಣಿಗರು, ತೆಲುಗಿನವರು ತಲೆಯಾಡಿಸಿದರು. ಒಬ್ಬ ಡ್ರೈವರನಿಗೆ ತೋರಿಸಿದರೆ, “ಪಾನೀಕಾ ಮಟಕಾ, ಮಸ್ತ್ ಐತಿ,” ಎಂದ.

ಬೆಂಚು ಹೊರಗೆ ಹೋಯಿತು, ಕಾಂಪೌಂಡರು ತಮ್ಮ ಡಬ್ಬಿಯೊಂದಿಗೆ ಆಫೀಸಿಗೆ ಹೋದರು. ನನ್ನ ಕೆಂಪು ತ್ರಿಕೋನದ ಮೇಲೆ ನಾನೇ ಸುಣ್ಣ ಬಳಿದೆ. ಹೊಟ್ಟೆ ಉರಿಯಿತು, ಸುಳ್ಳೇಕೆ ಹೇಳಲಿ. ಅಲ್ಲೇ ಆಳೆತ್ತರದ ಗಡಿಗೆ ಬರೆದೆ. ಬಾಗಿಲ ಪಕ್ಕ ಒದ್ದೆ ಬಟ್ಟೆ ಸುತ್ತಿದ ನಿಜವಾದ ಗಡಿಗೆ ಬಂತು.

ಸೋಮವಾರ ಮೊದಲ ಸೈರನ್ ಆಯಿತು. ಹೆಂಗಸರು ಬಂದರು, ಬಾಗಿಲಿಗೆ ಹತ್ತು ಹೆಜ್ಜೆ ಇರುವಾಗ ನಿಂತುಬಿಟ್ಟರು. ನಾನು ಆಫೀಸಿನ ಕಡೆ ನಿಂತು ನೋಡುತ್ತಿದ್ದೆ.

“ಬೋರ್ಡಕ್ಕ,” ಚೋರನೂರಿನವಳು ಕೂಗಿದಳು, “ನಿಂದೂ ಮದುವಿ ಆಗೇತಿ, ಇನ್ನ ಮಕ್ಕಳಿಲ್ಲ. ನೀ ಮೊದಲ ಒಳಗ ಹೋಗು.”

ಮೂರು ಸಲ ಆ ಗೋಡೆಗೆ ಬಣ್ಣ ಹಚ್ಚಿದ್ದೆ, ಒಂದು ಸಲವೂ ಒಳಗೆ ಕೂತಿರಲಿಲ್ಲ. ಓಡಿ ಹೋಗಿ ನೆಲದ ಮೇಲೆ ಕೂತೆ. ಒಳಗೆ ಕತ್ತಲು, ಸುಣ್ಣದ ವಾಸನೆ. ಹೊರಗಿನಿಂದ ಅವರೆಲ್ಲ ನನ್ನನ್ನೇ ನೋಡುತ್ತಿದ್ದರು. ಇನ್ನೇನು ಸಿಡಿಸುತ್ತಾರೆ ಎಂದು ಎಚ್ಚರಿಸುವ ಎರಡನೆಯ ಸೈರನ್ ಶುರುವಾಯಿತು.

“ಬರ್ರೇ ಜಲ್ದಿ!” ಎಂದು ಕಿರುಚಿದೆ.

ಬಂದರು. ಒಬ್ಬರ ಮೇಲೊಬ್ಬರು ಬಿದ್ದು ಬಂದರು. ಚೋರನೂರಿನವಳು ಕೊನೆಗೆ ಬಂದು ನನ್ನ ಪಕ್ಕದಲ್ಲಿ ಒತ್ತಿ ಕೂತಳು. ನೆಲ ನಡುಗಿತು, ಚಾವಣಿಯ ಮೇಲೆ ಕಲ್ಲು ಬಿದ್ದ ಸದ್ದಿಗೆ ಎಲ್ಲರೂ ಕುಗ್ಗಿದೆವು. ಅವಳು ಒಂದು ಕೈಯನ್ನು ತನ್ನ ಹೊಟ್ಟೆಗೆ ಅಡ್ಡ ಹಿಡಿದು, ಇನ್ನೊಂದನ್ನು ನನ್ನ ಹೊಟ್ಟೆಗೆ ಅಡ್ಡ ಹಿಡಿದಳು. ಅಲ್ಲಿ ಆಗ ಏನೂ ಇರಲಿಲ್ಲ, ಅದು ಅವಳಿಗೂ ಗೊತ್ತಿತ್ತು. ಆದರೂ ಸದ್ದು ನಿಂತು ಧೂಳು ಅಡಗುವವರೆಗೆ ಕೈ ತೆಗೆಯಲಿಲ್ಲ.