ಅಜ್ಜಿಯ ಹಾಡಿಗೊಂದು ರೆಕಾರ್ಡರ್

ಆ ವಿಡಿಯೋ ರೆಕಾರ್ಡರನ್ನು ಜಯನಗರ ನಾಲ್ಕನೇ ಬ್ಲಾಕಿನಲ್ಲಿ ಕೊಂಡೆನೋ ಜೆ.ಪಿ. ನಗರದಲ್ಲೋ, ಈಗ ಖಚಿತವಾಗಿ ಹೇಳಲಾರೆ. ಅಮ್ಮ ಜೊತೆಗಿದ್ದಳೆಂದು ನನ್ನ ನೆನಪು. ಅಂಗಡಿಗೆ ಬರಲೇ ಇಲ್ಲವೆಂದು ಅವಳು. ವಿಶ್ವವಿದ್ಯಾಲಯದಲ್ಲಿ ಕಲಿತದ್ದರಲ್ಲಿ ನನಗೆ ಉಳಿದಿರುವುದು ಸಾಕ್ಷಿ ಕೇಳುವ ಚಟವೊಂದೇ, ಅದೂ ಹೆಚ್ಚಾಗಿ ನನ್ನ ನೆನಪಿನ ಮೇಲೇ ಪ್ರಯೋಗವಾಗುತ್ತದೆ. ಆದರೆ ಯಾಕೆ ಕೊಂಡೆ ಎಂಬುದರಲ್ಲಿ ಅನುಮಾನವಿಲ್ಲ.

ಒಂದು ಹಳೆಯ ವಿಡಿಯೋ ಕ್ಯಾಸೆಟ್ಟು ಇತ್ತು. ದಸರೆಯ ಗೊಂಬೆಗಳಿಗೆ ಆರತಿ ಎತ್ತುತ್ತಾ ಅಜ್ಜಿ, ಅಂದರೆ ಅಮ್ಮನ ಅಮ್ಮ, ಹಾಡಿದ್ದು ಅದರಲ್ಲಿತ್ತು. ಯಾವ ಪುಸ್ತಕದಲ್ಲೂ ಸಿಗದ ಹಾಡು. ಅಜ್ಜಿ ತೀರಿಕೊಂಡ ಮೇಲೆ ಅಮ್ಮನಿಗೂ ಹತ್ತಿರದ ಶ್ರೀನಗರ ಬಡಾವಣೆಯ ಚಿಕ್ಕಮ್ಮನಿಗೂ ಕೊನೆಯ ನುಡಿ ಮರೆತುಹೋಗಿತ್ತು. ಪ್ರತಿ ವರ್ಷ ಅಲ್ಲಿಗೆ ಬಂದಾಗ ಇಬ್ಬರೂ ಏನೋ ಗುನುಗಿ, ಗಂಟೆ ಜೋರಾಗಿ ಬಾರಿಸಿ ದಾಟಿಬಿಡುತ್ತಿದ್ದರು. ಬರಬರುತ್ತಾ ಚಿಕ್ಕಮ್ಮ, ಅಂಥ ನುಡಿಯೇ ಇರಲಿಲ್ಲವೆಂದು ವಾದಿಸತೊಡಗಿದ್ದಳು. ಕ್ಯಾಸೆಟ್ಟಿಗೆ ಬೂಷ್ಟು ಹಿಡಿದಿತ್ತು. ನಮ್ಮ ವಿ.ಸಿ.ಆರ್. ಹಾಕಿದ ಟೇಪನ್ನೆಲ್ಲ ನುಂಗುತ್ತಿತ್ತು. ಇನ್ನೊಂದು ಸಲ ಓಡಿದರೆ ನಮ್ಮ ಪುಣ್ಯ, ಆ ಒಂದು ಸಲದಲ್ಲೇ ಹಾಡನ್ನು ಡಿ.ವಿ.ಡಿ. ಡಿಸ್ಕಿಗೆ ಇಳಿಸಿಕೊಳ್ಳಬೇಕಿತ್ತು.

ಆಗ ಡಿಸ್ಕುಗಳದೇ ಗೊಂದಲ. ಪ್ಲಸ್ ಎಂದೊಂದು, ಮೈನಸ್ ಎಂದೊಂದು, ಅಳಿಸಿ ಬರೆಯುವುದು ಮತ್ತೊಂದು. ಒಂದಕ್ಕೆ ಮಾಡಿದ ಯಂತ್ರಕ್ಕೆ ಇನ್ನೊಂದು ಆಗದು. ಸಾಲದ್ದಕ್ಕೆ, ಇವೆಲ್ಲವನ್ನೂ ಮೂಲೆಗೆ ತಳ್ಳುವ ಹೊಸ ಡಿಸ್ಕು ಬರುತ್ತಿದೆಯೆಂಬ ಸುದ್ದಿ.

"ತಡಿ ಮಗಾ," ಎಂದ ಬನಶಂಕರಿಯ ಗೆಳೆಯ. "ಈಗ ತಗೊಂಡ್ರೆ ಮುಂದಿನ ದಸರಾಗೆ ಗುಜರಿ."

"ಅಲ್ಲೀತನಕ ಟೇಪು ಇರತ್ತಾ?"

"ಅದು ಈಗ್ಲೇ ಗುಜರಿ, ಬಿಡು."

ಅಂಗಡಿಯವನಿಗೆ ಅಳಿಸಿ ಬರೆಯುವುದರ ಮೇಲೆ ಮಮತೆ. "ಇದು ತಗೊಳ್ಳಿ ಸಾರ್, ಎಷ್ಟ್ ಸಲ ಬೇಕಾದ್ರೂ ಅಳಿಸ್ಬೋದು."

"ನಮ್ಮಜ್ಜೀನ ಅಳ್ಸೋಕೆ ಬಂದಿಲ್ಲ ಕಣ್ರೀ," ಎಂದೆ.

ಹಲವು ಅಂಗಡಿ ಸುತ್ತಿದ ಮೇಲೆ, ಒಳಗೇ ಹಾರ್ಡ್ ಡಿಸ್ಕ್ ಇರುವ ರೆಕಾರ್ಡರ್ ಆರಿಸಿದೆ. ಟೇಪು ಒಂದೇ ಸಲ ಓಡಿದರೂ ಹಾಡು ಮೊದಲು ಯಂತ್ರದ ಹೊಟ್ಟೆ ಸೇರುತ್ತದೆ. ಆಮೇಲೆ ಯಾವ ಡಿಸ್ಕಿಗಾದರೂ ಸಾವಕಾಶವಾಗಿ ಇಳಿಸಿಕೊಳ್ಳಬಹುದು. ಈ ಯೋಚನೆ ನನ್ನದೇ, ಅದರಲ್ಲಿ ಅಮ್ಮನಿಗೂ ತಕರಾರಿಲ್ಲ.

ದಸರೆಗೆ ಮುಂಚೆ ಒಂದು ಬೆಳಿಗ್ಗೆ ತಂತಿ ಜೋಡಿಸಿ ಟೇಪು ಹಾಕಿದೆ. ಅಮ್ಮ ಕೂರಲೊಪ್ಪದೆ ಅಡುಗೆಮನೆ ಬಾಗಿಲಲ್ಲಿ ನಿಂತಳು. ಪರದೆಯ ಮೇಲೆ ಗೆರೆಗಳು, ಗೆರೆಗಳ ಹಿಂದೆ ಅಜ್ಜಿ. ಕೊನೆಯ ನುಡಿ ಬಂತು, ಹಾಡು ಮುಗಿಯಿತು, ಮುಗಿದದ್ದೇ ವಿ.ಸಿ.ಆರ್. ಟೇಪನ್ನು ನುಂಗಿ ಸುಮ್ಮನಾಯಿತು. ಅಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು.

"ಚಿಕ್ಕಮ್ಮಂಗೆ ಫೋನಲ್ಲಿ ಹಾಡ್ಬಿಡು," ಎಂದೆ.

"ನಾನು ಹಾಡಿದ್ರೆ, ನೀನೇ ಕಟ್ಟಿದ್ದು ಅಂತಾಳೆ. ಅಮ್ಮನ ಬಾಯಲ್ಲೇ ಕೇಳ್ಲಿ."

ಹಾಡನ್ನು ಡಿಸ್ಕಿಗಿಳಿಸಿದೆ. ಕೊನೆಗೆ ಅದನ್ನು 'ಫೈನಲೈಸ್' ಮಾಡಿ ಮುಚ್ಚಬೇಕು. ಮುಚ್ಚಿದ ಮೇಲೆ ಬೇರೇನೂ ಸೇರಿಸಲಾಗದು. ಅಮ್ಮ ತಡೆದಳು. "ಅಷ್ಟೊಂದು ಜಾಗ ಇಟ್ಕೊಂಡು ಮುಚ್ತಾರೇನೋ? ಈ ವರ್ಷದ ಗೊಂಬೇನೂ ಹಾಕೋಣ." ಮಿಕ್ಕ ಜಾಗವನ್ನು ದಂಡ ಮಾಡುವುದು ನನಗೂ ಒಗ್ಗಲಿಲ್ಲ.

ಗೊಂಬೆ ನೋಡಲು ಶ್ರೀನಗರಕ್ಕೆ ಹೋದೆವು. ಆರತಿಗೆ ಅಕ್ಕಪಕ್ಕದವರೆಲ್ಲ ಸೇರಿದ್ದರು. ಚಿಕ್ಕಮ್ಮನ ಪ್ಲೇಯರಿಗೆ ಡಿಸ್ಕು ಹಾಕಿದೆ. ಡಿಸ್ಕೇ ಇಲ್ಲವೆಂದಿತು. ಒರೆಸಿ ಹಾಕಿದೆ. ಅದೇ ಮಾತು.

"ಅಕ್ಕ, ನಿನ್ನ ಮಗ ಬರೀ ತಟ್ಟೆ ತಂದಿದಾನೆ," ಎಂದಳು ಚಿಕ್ಕಮ್ಮ. "ಕೊನೇ ನುಡೀನೇ ಇಲ್ಲ ಅಂತ ನಾನು ಅವತ್ತೇ ಹೇಳ್ಲಿಲ್ವಾ?"

ಅಮ್ಮನ ಮುಖ ಸಣ್ಣಗಾಯಿತು. ನನಗೆ ಆಗ ಹೊಳೆಯಿತು: ಮುಚ್ಚದ ಡಿಸ್ಕನ್ನು ಬರೆದ ಯಂತ್ರವಷ್ಟೇ ಓದಬಲ್ಲದು. "ಆರತಿ ಎತ್ಬೇಡಿ, ಬಂದೆ," ಎಂದು ಆಟೋ ಹತ್ತಿ ಜಯನಗರದ ಮನೆಗೆ ಹೋದೆ. ಖಾಲಿ ಜಾಗದ ಆಸೆ ಬಿಟ್ಟು ಡಿಸ್ಕನ್ನು ಮುಚ್ಚಿ ತಂದೆ.

ಈ ಸಲ ಅಜ್ಜಿ ಬಂದಳು. ಬೀಗುತ್ತಿದ್ದ ಚಿಕ್ಕಮ್ಮ ಮೊದಲ ಸಾಲಿಗೇ ಪರದೆಯ ಹತ್ತಿರ ಸರಿದು ಕೂತಳು. ಕೊನೆಯ ನುಡಿಗೆ ಆರತಿ ತಟ್ಟೆ ಹಿಡಿದು ಎದ್ದುನಿಂತು, "ಇನ್ನೊಂದ್ಸಲ ಹಾಕೋ," ಎಂದಳು. ಮತ್ತೆ ಹಾಕಿದೆ. ಅಕ್ಕತಂಗಿಯರು ಅಜ್ಜಿಯ ಜೊತೆ ಸೇರಿ ಗೊಂಬೆಗಳಿಗೆ ಪೂರ್ತಿ ಹಾಡಿನ ಆರತಿ ಎತ್ತಿದರು. ಗಂಟೆ ಬಾರಿಸಲು ಯಾರಿಗೂ ನೆನಪಾಗಲಿಲ್ಲ. ನಾನಂತೂ ರಾಜ್ಯ ಗೆದ್ದವನಂತೆ ಕೋಸಂಬರಿ ತಿಂದೆ.

ಡಿಸ್ಕುಗಳ ಕಾಲವೂ ಮುಗಿದಿದೆ, ಹಾಡು ಈಗ ಎಲ್ಲರ ಫೋನಿನಲ್ಲಿದೆ. ಆದರೂ ಟೇಪು ಸರಿಯಾಗಿ ಹಾಡಿನ ಕೊನೆಗೇ ಸಿಕ್ಕಿಕೊಂಡಿತೆಂಬುದು ನನಗೆ ಕಟ್ಟುಕತೆಯಂತೆ ಕೇಳುತ್ತಿತ್ತು. ಹೇಳಿ ಹೇಳಿ ನಾನೇ ಹಾಗೆ ಮಾಡಿಕೊಂಡಿರಬಹುದು. ಮೊನ್ನೆ ಸಾಕ್ಷಿಗೆಂದು ಆ ಡಿಸ್ಕನ್ನೇ ಹಾಕಿ ನೋಡಿದೆ. ಹಾಡು ಮುಗಿಯುತ್ತದೆ, ಅಜ್ಜಿ ತಟ್ಟೆ ಕೆಳಗಿಡಲು ಬಗ್ಗುತ್ತಾಳೆ, ತಟ್ಟೆ ನೆಲ ಮುಟ್ಟುವ ಮೊದಲೇ ಚಿತ್ರ ಹರಿದುಹೋಗುತ್ತದೆ.